ಮೊಣಕೈ ನೋವು ಅಂತ ರಾಕೆಟ್ ಮಾರಬೇಡಿ ಸರ್

ಸರ್, ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಹದಿನೈದು ವರ್ಷ ಶಟಲ್ ಆಡಿದವರು, 42ನೇ ವಯಸ್ಸಿಗೆ ಟೆನಿಸ್ ಹಿಡಿದು ಐದು ತಿಂಗಳಾಗಿದೆ. ಸ್ನೇಹಿತರ ಮಾತು ಕೇಳಿ 300 ಗ್ರಾಂ ರಾಕೆಟ್ ತಗೊಂಡಿರಿ, ಈಗ ಮೊಣಕೈ ಹೊರಬದಿ ನೋಯುತ್ತಿದೆ. ಅದನ್ನು ಮಾರಿ 255 ಗ್ರಾಂದು ತಗೊಳ್ಳಲೇ ಅಂತ ಕೇಳಿದ್ದೀರಿ. ಜೊತೆಗೆ ಆಟದ ಮಟ್ಟದಲ್ಲಿ ನಾನು 3.0 ನಾ, 3.5 ನಾ ಅಂತ. ಕೊನೆಗೆ, ಸುಮ್ನೆ ಬಾಲ್ ವಾಪಸ್ ಹಾಕುವ ರಿಟೈರ್ಡ್ ಮೇಷ್ಟ್ರೊಬ್ಬರ ಕೈಲಿ ದಿನಾ ಸೋಲುತ್ತಿದ್ದೇನೆ ಅಂತ ಬೇಜಾರು. ಕೆಳಗೆ ಏಳೆಂಟು ಜನ ಆಗಲೇ ‘ಹಗುರದ್ದು ತಗೊಳ್ಳಿ’ ಅಂದುಬಿಟ್ಟಿದ್ದಾರೆ. ನಾನು ಬೇಡ ಅನ್ನುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಟೀ ಕುಡಿಯುತ್ತಾ ಓದಿ.

ಮೊದಲು ಒಂದು ಮಾತು. ನೀರಿನ ಚೊಂಬು ಎತ್ತುವಾಗ, ಬಾಗಿಲ ಬೀಗ ತಿರುಗಿಸುವಾಗಲೂ ನೋವಿದ್ದರೆ ಆಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಇದನ್ನೇ ಟೆನಿಸ್ ಎಲ್ಬೋ ಅನ್ನುವುದು. 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನೇ ಮೈದಾನದಿಂದ ಹೊರಗೆ ಕೂರಿಸಿದ ನೋವು ಇದು. ಮುಲಾಮು ಹಚ್ಚಿಕೊಂಡು ಆಡುತ್ತೇನೆ ಅನ್ನಬೇಡಿ.

ಈಗ ತೂಕದ ವಿಷಯ. ಹಗುರ ರಾಕೆಟ್ ಅಂದರೆ ಕೈಗೆ ಸುಖ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬೀಸುವಾಗ ಸುಖ, ನಿಜ. ಬಾಲ್ ತಗಲುವ ಕ್ಷಣದಲ್ಲಿ ಹಾಗಲ್ಲ. ಶಟಲ್ ಕಾಕ್ 5 ಗ್ರಾಂ ಆಸುಪಾಸು. ಟೆನಿಸ್ ಬಾಲ್ 56ರಿಂದ 59.4 ಗ್ರಾಂ. ಹತ್ತು ಪಟ್ಟಿಗೂ ಜಾಸ್ತಿ. ಅಷ್ಟು ಭಾರದ್ದು ಎದುರಿನಿಂದ ಬಂದು ಬಡಿದಾಗ ಹಗುರ ರಾಕೆಟ್ ಹಿಂದಕ್ಕೆ ವಾಲುತ್ತದೆ. ಅದನ್ನು ತಡೆಯುವುದಕ್ಕೆ ನೀವು ಹಿಡಿ ಬಿಗಿ ಮಾಡುತ್ತೀರಿ. ಆ ಏಟು ನೇರ ಮೊಣಕೈಗೆ. ನಮ್ಮ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಎಳನೀರು ಕೆತ್ತುವವರ ಮಚ್ಚು ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಹಗುರದ್ದು ಯಾರ ಹತ್ತಿರವೂ ಇರುವುದಿಲ್ಲ. ಮಚ್ಚಿನ ಭಾರವೇ ಕೆಲಸ ಮಾಡುತ್ತದೆ, ಕೈ ಬರೀ ದಾರಿ ತೋರಿಸುತ್ತದೆ. ಹಾಗಂತ 330 ಗ್ರಾಂ ಎತ್ತಿಕೊಳ್ಳಿ ಅಂತಲ್ಲ. ನಮ್ಮಂಥವರಿಗೆ 280ರಿಂದ 300 ಗ್ರಾಂ, ತಲೆ 100 ಚದರ ಇಂಚು. ಅಷ್ಟಕ್ಕೆ ನಿಲ್ಲಿಸಿ. ನಿಮ್ಮ ಹತ್ತಿರ ಇರುವುದು ಅದೇ ಅಲ್ವಾ?

ಒಬ್ಬರು ಕಡಿಮೆ ಬೆಲೆಯ ರಾಕೆಟ್ ಒಂದರ ಫೋಟೊ ಹಾಕಿದ್ದಾರೆ. ಅದರ ಕತ್ತಿನ ಹತ್ತಿರ ದೊಡ್ಡದು ಮಾಡಿ ನೋಡಿ. ಪ್ಲಾಸ್ಟಿಕ್ ತುಂಡು ಸಿಕ್ಕಿಸಿರುವುದು ಕಾಣುತ್ತದೆ. ಅದು ಅಲ್ಯೂಮಿನಿಯಂ. ಮಕ್ಕಳು ರಜೆಯಲ್ಲಿ ಆಡುವುದಕ್ಕೆ ಸರಿ. ನೋವಿರುವ ಕೈಗೆ ಬೇಡ.

ನನ್ನ ಅನುಮಾನ ಗಟ್ ಮೇಲೆ, ಅಂದರೆ ರಾಕೆಟ್‌ಗೆ ಹೆಣೆದ ದಾರದ ಮೇಲೆ. ರಾಕೆಟ್ ಕೊಡಿಸಿದ ನಿಮ್ಮ ಸ್ನೇಹಿತರು ಜೋರಾಗಿ ಬಾರಿಸುವವರು ಅಂತ ಬರೆದಿದ್ದೀರಿ. ಅಂಥವರು ಪಾಲಿಯೆಸ್ಟರ್ ಗಟ್ ಹಾಕಿಸಿರುತ್ತಾರೆ, ನಿಮಗೂ ಅದನ್ನೇ ಹಾಕಿಸಿರುತ್ತಾರೆ. ಬೆಳಕಿಗೆ ಹಿಡಿದು, ಎರಡು ಗಟ್ ಒಂದರ ಮೇಲೊಂದು ಹಾಯುವ ಜಾಗ ನೋಡಿ. ಮೀನು ಗಾಳದ ದಾರದ ಹಾಗೆ ನುಣ್ಣಗೆ, ಒಂದೇ ಎಳೆಯಾಗಿದ್ದು, ಅಲ್ಲಿ ಚಾಕುವಿನಲ್ಲಿ ಗೀರಿದ ಹಾಗೆ ಕಚ್ಚು ಬಿದ್ದಿದ್ದರೆ ಅದು ಪಾಲಿ. ಸಣ್ಣ ಸಣ್ಣ ಎಳೆ ಎದ್ದು ಹಳೇ ಹುರಿಯ ಹಾಗೆ ಬಿಚ್ಚಿಕೊಳ್ಳುತ್ತಿದ್ದರೆ ಮಲ್ಟಿಫಿಲಮೆಂಟ್. ಕೈಗೆ ಮೆತ್ತಗೆ ಈ ಎರಡನೆಯದು.

ಪಾಲಿ ಕೆಟ್ಟದ್ದಲ್ಲ. ಪೂರ್ತಿ ಬೀಸಿ, ಬಾಲ್ ಮುಂದಕ್ಕೆ ಉರುಳುವ ಹಾಗೆ ಟಾಪ್‌ಸ್ಪಿನ್ ತಿರುವು ಹಾಕಿ, ವಾರಕ್ಕೊಂದು ಗಟ್ ಹರಿಯುವವರಿಗೆ ಅದು ಮಾಡಿದ್ದು. ನಾವು ಅದನ್ನು ಹರಿಯುವುದೇ ಇಲ್ಲ. ಹರಿಯಲಿಲ್ಲವಲ್ಲ ಅಂತ ವರ್ಷಗಟ್ಟಲೆ ಹಾಗೇ ಬಿಡುತ್ತೇವೆ. ಅಷ್ಟರಲ್ಲಿ ಅದರ ಬಿಗಿ ಹೋಗಿ, ಪುಟಿತ ಸತ್ತು, ಹಗ್ಗದ ಮಂಚದ ಹಾಗೆ ಆಗಿರುತ್ತದೆ. ಬಾಲ್ ಹೋಗುವುದಿಲ್ಲ ಅಂತ ನಾವು ಇನ್ನೂ ಜೋರಾಗಿ ಹೊಡೆಯುತ್ತೇವೆ. ನಾನೂ ಇದೇ ಮಾಡಿದವನು. ಯಾವುದೋ ವಿಡಿಯೊ ನೋಡಿ 56 ಪೌಂಡ್ ಬಿಗಿಗೆ ಪಾಲಿ ಹಾಕಿಸಿದೆ. ಮೂರನೇ ವಾರ ಸ್ಕೂಟರ್ ಆಕ್ಸಿಲರೇಟರ್ ತಿರುಗಿಸುವುದಕ್ಕೆ ಆಗುತ್ತಿರಲಿಲ್ಲ. ಮನೆಯವರು ‘ಆಟ ಆಡಿ ಆರೋಗ್ಯ ಬಂತಾ?’ ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಎರಡು ತಿಂಗಳು ಬಿಟ್ಟು, ಮಲ್ಟಿಫಿಲಮೆಂಟ್ 50 ಪೌಂಡಿಗೆ ಹಾಕಿಸಿ, ಅದೇ ರಾಕೆಟ್‌ನಲ್ಲಿ ಮತ್ತೆ ಶುರು ಮಾಡಿದೆ. ಇವತ್ತಿಗೂ ಅದೇ.

ಒಂದು ಎಚ್ಚರಿಕೆ. ಊರಲ್ಲಿ ಗಟ್ಟಿಂಗ್ ಮಾಡುವವರ ಕೈ ಹೆಚ್ಚಾಗಿ ಶಟಲ್‌ಗೆ ಪಳಗಿದ್ದು. ಅಲ್ಲಿ 24, 26 ಪೌಂಡಿನ ಮಾತು. ಟೆನಿಸ್‌ಗೆ ಅದರ ಎರಡರಷ್ಟು. ಮೆಶಿನ್ ಅಷ್ಟು ಎಳೆಯುತ್ತದಾ, ಟೆನಿಸ್ ಫ್ರೇಮ್ ಹಿಡಿಯುತ್ತದಾ ಅಂತ ಕೇಳಿಯೇ ಕೊಡಿ. ನನ್ನದನ್ನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತೇನೆ. ಚೀಟಿಯಲ್ಲಿ ಗಟ್ ಹೆಸರು, ಪೌಂಡ್ ಎರಡೂ ಬರೆದು ಕವರ್‌ಗೆ ಅಂಟಿಸಿರುತ್ತೇನೆ. ವಾರಕ್ಕೆ ಮೂರು ದಿನ ಆಡಿದರೆ ವರ್ಷಕ್ಕೆ ಮೂರು ಸಲ ಗಟ್ ಬದಲಾಯಿಸಬೇಕು ಅನ್ನುವುದು ಹಳೇ ಲೆಕ್ಕ. ಹರಿಯದಿದ್ದರೂ ಅಷ್ಟೇ.

ಆಮೇಲೆ ಬಾಲ್. ನಮ್ಮ ಕಡೆ ಅಂಗಡಿಯಲ್ಲಿ ಟೆನಿಸ್ ಬಾಲ್ ಕೊಡಿ ಅಂದರೆ ಕ್ರಿಕೆಟ್ ಆಡುವ ಹೆವಿ ಬಾಲ್ ಕೈಗಿಡುತ್ತಾರೆ. ಅವರ ತಪ್ಪೇನಿಲ್ಲ, ನೂರು ಜನ ಕೇಳುವುದು ಅದನ್ನೇ. ನೀವು ಗಾಳಿ ಒತ್ತಡದ ಸೀಲ್ ಡಬ್ಬದ್ದೇ ಕೇಳಿ. ಡಬ್ಬ ತೆರೆದಾಗ ಸೋಡಾ ಬಾಟಲಿಯ ಹಾಗೆ ಸುಯ್ ಅನ್ನಬೇಕು. ಸೀಲ್ ಒಡೆದ ದಿನದಿಂದಲೇ ಒಳಗಿನ ಗಾಳಿ ಮೆಲ್ಲಗೆ ಸೋರಲು ಶುರು, ಆಡಿದರೂ ಆಡದಿದ್ದರೂ. ನಿಯಮದ ಪ್ರಕಾರ 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. ಮನೆಯಲ್ಲಿ ನಾನು ಹೀಗೆ ನೋಡುತ್ತೇನೆ: ಏಳು ಅಡಿ ಬಾಗಿಲಿನ ಮೇಲಂಚಿನಿಂದ ಬಾಲ್ ಬಿಟ್ಟರೆ ಮೂರು ಮುಕ್ಕಾಲು ಅಡಿಯಾದರೂ ಏಳಬೇಕು. ಬಾಗಿಲ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಏಳದಿದ್ದರೆ ಅದು ನಾಯಿಗೆ. ಮಳೆಯಲ್ಲಿ ನೆನೆದ ಬಾಲ್ ಕೂಡ ಬೇಡ, ನೀರು ಕುಡಿದು ಭಾರ ಆಗಿರುತ್ತದೆ. ಯಾರೋ ಎತ್ತರದ ಊರಿನ ಬಾಲ್ ಬೇಕಾ ಅಂತ ಕೇಳಿದ್ದರು. ಅದು ಸಮುದ್ರಮಟ್ಟದಿಂದ 1219 ಮೀಟರ್ ದಾಟಿದ ಜಾಗಕ್ಕೆ. ತುಮಕೂರು ಅಷ್ಟು ಎತ್ತರ ಇಲ್ಲ. ನಂದಿ ಬೆಟ್ಟದ ತುದಿಯಲ್ಲಿ ಕೋರ್ಟ್ ಕಟ್ಟಿದ ದಿನ ನೋಡೋಣ.

ಇಷ್ಟೆಲ್ಲ ಸರಿಯಾದರೂ ನಿಮ್ಮ ಮಣಿಕಟ್ಟು ಇನ್ನೂ ಶಟಲ್ ಆಡುತ್ತಿದೆ ಸರ್. ನೀವು ಹಾಕಿದ ವಿಡಿಯೊ ನಿಧಾನ ಮಾಡಿ ನೋಡಿದೆ. ಬ್ಯಾಕ್‌ಹ್ಯಾಂಡ್‌ಗೆ ಬಾಲ್ ಸೊಂಟದ ಪಕ್ಕಕ್ಕೆ ಬಂದುಬಿಟ್ಟಿದೆ, ಆಮೇಲೆ ನೀವು ಮಣಿಕಟ್ಟು ಚಕ್ ಅಂತ ತಿರುಗಿಸಿದ್ದೀರಿ. 85 ಗ್ರಾಂ ಶಟಲ್ ರಾಕೆಟ್‌ಗೆ ಅದು ಸೊಗಸು. ಇಲ್ಲಿ ಅದೂ ನೋವಿಗೆ ಒಂದು ಮೂಲ. ಬಾಲ್ ಮುಂದಿನ ಕಾಲಿನ ಎದುರಿಗೇ ಸಿಗಬೇಕು, ತಿರುಗಬೇಕಾದ್ದು ಭುಜ. ಎರಡು ಕೈ ಬ್ಯಾಕ್‌ಹ್ಯಾಂಡ್ ಕಲಿಯಿರಿ, ಎಡಗೈ ಅರ್ಧ ಭಾರ ಹೊತ್ತುಕೊಳ್ಳುತ್ತದೆ. ನಮ್ಮ ಕೋರ್ಟಿನಲ್ಲಿ ಬಾಲ್ ಹಾಕಿಕೊಡುವ ಮಾರ್ಕರ್‌ಗೆ ಹೇಳಿ ದಿನಾ 20 ನಿಮಿಷ ಬರೀ ಬ್ಯಾಕ್‌ಹ್ಯಾಂಡ್‌ಗೆ ಹಾಕಿಸಿಕೊಳ್ಳಿ. ಹಿಡಿ ಅಳತೆಯನ್ನೂ ನೋಡಿ. ರಾಕೆಟ್ ಹಿಡಿದಾಗ ಉಂಗುರ ಬೆರಳಿನ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರಬೇಕು. ಕೂರದಿದ್ದರೆ ಹಿಡಿ ಸಣ್ಣದು. ಹಿಡಿ ಮೇಲೆ ಓವರ್‌ಗ್ರಿಪ್ ಪಟ್ಟಿ ಒಂದು ಸುತ್ತಿದರೆ ಸಾಕು.

ಶೂ ಬಗ್ಗೆ ಒಂದೇ ಮಾತು. ಓಡುವ ಶೂನಲ್ಲಿ ಆಡಬೇಡಿ. ಅದು ಮುಂದಕ್ಕೆ ಹೋಗುವುದಕ್ಕೆ ಮಾಡಿದ್ದು. ಟೆನಿಸ್‌ನಲ್ಲಿ ಅಡ್ಡಡ್ಡ ಓಡುತ್ತೇವೆ, ಕಾಲು ಹೊರಳುತ್ತದೆ.

3.0 ನಾ, 3.5 ನಾ? ಆ ಅಂಕೆ ಆಟಗಾರರ ಮಟ್ಟ ಅಳೆಯುವ ಅಮೆರಿಕದವರ ಎನ್‌ಟಿಆರ್‌ಪಿ ಲೆಕ್ಕ, 7.0 ಅಂದರೆ ಪೂರ್ತಿ ವೃತ್ತಿಪರರು. ನಿಮ್ಮ ಅತಿ ಚೆಂದದ ಹೊಡೆತಕ್ಕೆ ಅದು ಅಂಕ ಕೊಡುವುದಿಲ್ಲ. ಮ್ಯಾಚ್‌ನಲ್ಲಿ ಏನು ಮಾಡುತ್ತೀರಿ ಅನ್ನುವುದಕ್ಕೆ ಕೊಡುತ್ತದೆ. ಸಾಧಾರಣ ವೇಗದ ಬಾಲ್ ವಾಪಸ್ ಹಾಕುತ್ತೀರಿ, ಆದರೆ ಬೇಕಾದ ಕಡೆ, ಬೇಕಾದಷ್ಟು ಆಳಕ್ಕೆ ಹಾಕುವುದಕ್ಕೆ ಹೋದರೆ ತಪ್ಪುತ್ತದೆ ಅಂದರೆ 3.0. ದಿಕ್ಕು ಕೈಯಲ್ಲಿದೆ, ಆಳ ಮತ್ತು ವೈವಿಧ್ಯ ಇನ್ನೂ ಇಲ್ಲ ಅಂದರೆ 3.5. ನನ್ನ ಕಣ್ಣಿಗೆ ನೀವು 2.5, ಮೂರರ ಬಾಗಿಲಲ್ಲಿ ನಿಂತಿದ್ದೀರಿ. ಬೇಜಾರಾಯಿತಾ? ಮೊದಲ ಸರ್ವ್ ತಪ್ಪಿದಾಗ ಹಾಕುವ ಎರಡನೇ ಸರ್ವ್ ಹತ್ತು ಸಲ ಹಾಕಿ, ಏಳು ಒಳಗೆ ಬಿದ್ದರೆ ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ಮೆತ್ತಗೆ ತಳ್ಳಿದ್ದು ಲೆಕ್ಕಕ್ಕಿಲ್ಲ.

ಇನ್ನು ಮೇಷ್ಟ್ರು. ಅವರು ‘ಆಡುವುದೇ ಇಲ್ಲ, ಬರೀ ತಳ್ಳುತ್ತಾರೆ’ ಅಂದಿದ್ದೀರಿ. ಅವರು ಆಡುತ್ತಿದ್ದಾರೆ ಸರ್, ನಾವು ಆಡುತ್ತಿಲ್ಲ. ಒಂದು ವಾರ ಅವರು ಎಲ್ಲಿಗೆ ಹೊಡೆಯುತ್ತಾರೆ ಅಂತ ಮಾತ್ರ ನೋಡಿ. ಹೆಚ್ಚಾಗಿ ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ನೆಟ್ ಕಂಬದ ಹತ್ತಿರ ಮೂರೂವರೆ ಅಡಿ, ನಡುವೆ ಮೂರೇ ಅಡಿ. ಅಡ್ಡ ಹೊಡೆದರೆ ಬಾಲ್ ಆ ತಗ್ಗಿನ ಮೇಲೆ ಹೋಗುತ್ತದೆ. ಕೋರ್ಟ್ ನೇರಕ್ಕೆ 23.77 ಮೀಟರ್, ಸಿಂಗಲ್ಸ್‌ನ ಮೂಲೆಯಿಂದ ಮೂಲೆಗೆ 25 ಮೀಟರಿಗೂ ಜಾಸ್ತಿ. ಅಂದರೆ ಅವರಿಗೆ ನಿಮಗಿಂತ ತಗ್ಗು ನೆಟ್, ನಿಮಗಿಂತ ಉದ್ದ ಕೋರ್ಟ್. ನೀವು ಗೆರೆಗುಂಟ ಬಾರಿಸಿ ಕಂಬದ ಕಡೆಯ ನೆಟ್‌ಗೆ ಹಾಕುತ್ತೀರಿ.

ಅವರನ್ನು ವೇಗದಿಂದ ಸೋಲಿಸುವುದಕ್ಕೆ ಆಗುವುದಿಲ್ಲ, ನಿಮ್ಮ ವೇಗವನ್ನೇ ತಿರುಗಿಸಿ ಕೊಡುತ್ತಾರೆ. ಅವರಿಗೆ ಇಷ್ಟ ಇಲ್ಲದ ಕೆಲಸ ಕೊಡಿ. ಬಾಲ್ ಗಿಡ್ಡ ಹಾಕಿ ನೆಟ್ ಹತ್ತಿರ ಕರೆಸಿ, ಮುಂದಿನದನ್ನು ತಲೆ ಮೇಲೆ ಎತ್ತಿ. ಹಿಂದೆ ಓಡುವುದು ಯಾವ ಹಿರಿಯರಿಗೂ ಆಗದು. ಪಾಪ ಅನ್ನಿಸುತ್ತದೆ, ಆದರೆ ಅವರು ನಮಗೆ ಪಾಪ ಅಂದಿಲ್ಲವಲ್ಲ. ಇದಕ್ಕೆ ಶಟಲ್‌ನ ಡ್ರಾಪ್ ಕೈ ನಿಮಗೆ ವರ, ಅದನ್ನು ಮಾತ್ರ ಮರೆಯಬೇಡಿ.

ಕೈ ವಾಸಿಯಾಗುವವರೆಗೆ ಡಬಲ್ಸ್ ಆಡಿ, ಅರ್ಧ ಬಾಲ್ ಪಾಲುದಾರರದ್ದು. ವಯಸ್ಸಾಯಿತು ಅನ್ನುವವರಿಗೆ ನಮ್ಮ ಕೊಡಗಿನ ರೋಹನ್ ಬೋಪಣ್ಣ ಇದ್ದಾರೆ. 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43.

ನನ್ನ ಹತ್ತಿರ 285 ಗ್ರಾಂನ ಹಳೇ ರಾಕೆಟ್ ಒಂದು ಮೆತ್ತನೆ ಗಟ್ ಸಮೇತ ಸುಮ್ನೆ ಬಿದ್ದಿದೆ. ನೋವು ಇಳಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಬನ್ನಿ. ಅರ್ಧ ಗಂಟೆ ಅದರಲ್ಲಿ, ಅರ್ಧ ಗಂಟೆ ನಿಮ್ಮದರಲ್ಲಿ ಆಡಿ ನೋಡೋಣ. ಬಾಲ್ ಡಬ್ಬ ಮಾತ್ರ ನೀವೇ ತನ್ನಿ, ನನ್ನವು ಪೆನ್ಸಿಲ್ ಗೆರೆ ಮುಟ್ಟುತ್ತಿಲ್ಲ.