ಆ ಸಮೀಕ್ಷೆಯಲ್ಲಿ ಮಕ್ಕಳ ಲೆಕ್ಕ ಸಿಗುವುದಿಲ್ಲ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರೊಳಗಿನ ಮಕ್ಕಳ ಲೈಂಗಿಕ ಸೋಂಕಿನ ಅಂಕಿ ಯಾಕಿಲ್ಲ ಅಂತ ಕೇಳಿದ್ದೀರಿ. ಅವರನ್ನು ಕೇಳಿಯೇ ಇಲ್ಲ, ಅದಕ್ಕೆ. 2019-21ರಲ್ಲೂ ಈ ಪ್ರಶ್ನೆ ಇದ್ದದ್ದು 15ರಿಂದ 49ರ ಹೆಂಗಸರಿಗೆ, 15ರಿಂದ 54ರ ಗಂಡಸರಿಗೆ ಮಾತ್ರ. ಅದೂ ಕಳೆದ 12 ತಿಂಗಳಲ್ಲಿ ಸೋಂಕು, ಹುಣ್ಣು ಅಥವಾ ಸ್ರಾವ ಇತ್ತಾ ಅಂತ ಬಾಯಿಮಾತಲ್ಲಿ ಕೇಳಿದ್ದು, ಪರೀಕ್ಷೆ ಮಾಡಿದ್ದಲ್ಲ. ಇನ್ನು ಕ್ಲಿನಿಕ್ಕಿನ ಲೆಕ್ಕ ಬರುವುದು ಅಲ್ಲಿಗೆ ಹೋದವರಿಂದ, ಅಲ್ವಾ? ಮಗುವಿಗೆ ಇಂಥ ಸೋಂಕು ಬಂದರೆ ಅದರ ಹಿಂದೆ ಲೈಂಗಿಕ ದೌರ್ಜನ್ಯ ಇರಬಹುದು. ಮಕ್ಕಳನ್ನು ಅದರಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಅಂಥ ದೌರ್ಜನ್ಯ ಆಗಿದ್ದು ಗೊತ್ತಾದರೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಅದು ಸರಿಯೇ. ಆದರೆ ಮರ್ಯಾದೆಗೆ ಅಂಜಿ ಮನೆಯವರು ಆಸ್ಪತ್ರೆಗೇ ಕರೆದುಕೊಂಡು ಹೋಗದಿದ್ದರೆ ಆ ಮಗುವಿಗೆ ಔಷಧಿಯೂ ಇಲ್ಲ, ಯಾವ ಪಟ್ಟಿಯಲ್ಲೂ ಜಾಗವಿಲ್ಲ. ತಾಯಿಯಿಂದ ಗರ್ಭದಲ್ಲೇ ಅಥವಾ ಹುಟ್ಟುವಾಗ ಬರುವ ಸಿಫಿಲಿಸ್ ಅನ್ನುವ ಸೋಂಕು ಬೇರೆ ವಿಷಯ, ಅದನ್ನು ಇದರ ಜೊತೆ ಸೇರಿಸಬೇಡಿ. ವರದಿ ಬರೆಯುವಾಗ ದಯವಿಟ್ಟು ‘ಸೊನ್ನೆ’ ಅನ್ನಬೇಡಿ, ‘ಅಳೆದಿಲ್ಲ’ ಅಂತಲೇ ಬರೆಯಿರಿ.