ಕ್ಯಾರೆಟ್ ಚೂರಿನಿಂದ ಭ್ರೂಣ: ಕ್ಯಾಲಸ್ ಮುಂದಕ್ಕೆ ಹೋಗದಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಾನು ಬಿಎಸ್ಸಿ ವಿದ್ಯಾರ್ಥಿನಿ. ಪರಾಗಸ್ಪರ್ಶವೇ ಇಲ್ಲದೆ, ಬರೀ ಎಲೆ ಅಥವಾ ಬೇರಿನ ಜೀವಕೋಶದಿಂದ ಲ್ಯಾಬಿನಲ್ಲಿ ಸಸ್ಯದ ಭ್ರೂಣ ಬೆಳೆಸಬಹುದು ಎಂದು ಪಾಠದಲ್ಲಿ ಓದಿದೆ. ಎಲೆಯ ಕೋಶಕ್ಕೆ ಭ್ರೂಣ ಆಗುವುದು ಹೇಗೆ ಗೊತ್ತಿರುತ್ತದೆ? ಮಾಮೂಲಿ ಅಂಗಾಂಶ ಕೃಷಿಗೂ ಇದಕ್ಕೂ ಏನು ವ್ಯತ್ಯಾಸ? ನಾವು 2,4-ಡಿ ಎಂಬ ಹಾರ್ಮೋನು ಹಾಕಿದ ಪೋಷಕ ಮೀಡಿಯಂ ಮೇಲೆ ಕ್ಯಾರೆಟ್ ಚೂರು ಇಟ್ಟೆವು. ಕ್ಯಾಲಸ್, ಅಂದರೆ ಆಕಾರವಿಲ್ಲದ ಕೋಶಗಳ ಮುದ್ದೆ, ಚೆನ್ನಾಗಿ ಬಂತು. ಆದರೆ ಎರಡು ತಿಂಗಳಾದರೂ ಅದು ಮುದ್ದೆಯಾಗಿಯೇ ಇದೆ. ತಪ್ಪು ಎಲ್ಲಾಗಿದೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಕ್ಯಾಲಸ್ ಇನ್ನೂ ಅದೇ 2,4-ಡಿ ಇರುವ ಮೀಡಿಯಂ ಮೇಲೇ ಇದೆ, ಅಲ್ವಾ? ಹಾಗಿದ್ದರೆ ಅದು ಮುದ್ದೆಯಾಗಿ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಈ ಕೆಲಸ ಕಲಿಯುವವರು ಹೆಚ್ಚಾಗಿ ಎಡವುವುದೇ ಇಲ್ಲಿ. ಭ್ರೂಣ ಬರಲಿಲ್ಲ ಎಂದು ಹಾರ್ಮೋನು ಇನ್ನಷ್ಟು ಜಾಸ್ತಿ ಮಾಡುತ್ತಾರೆ. ಮಾಡಬೇಕಾದದ್ದು ಅದನ್ನು ತೆಗೆಯುವುದು.

2,4-ಡಿ ಎಂಬುದು ಕೃತಕ ಆಕ್ಸಿನ್. ಆಕ್ಸಿನ್ ಎಂದರೆ ಸಸ್ಯದ ಬೆಳವಣಿಗೆಯ ಹಾರ್ಮೋನು. ಹೊಲದಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಬಳಸುವುದೂ ಇದನ್ನೇ. ಲೀಟರಿಗೆ ಒಂದು ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದಲ್ಲಿ ಕೊಟ್ಟರೆ, ಬೆಳೆದು ನಿಂತ ಕೋಶ ತನ್ನ ಹಳೆಯ ಕೆಲಸ ಬಿಟ್ಟು ಮತ್ತೆ ವಿಭಜನೆಗೆ ಇಳಿಯುತ್ತದೆ. ಕೆಲವು ಕೋಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಭ್ರೂಣವಾಗುವ ಶಕ್ತಿ ಪಡೆಯುತ್ತವೆ. ಚಿಕ್ಕ ಚಿಕ್ಕ ಗುಂಪಾಗಿ ಕೂಡಿಕೊಳ್ಳುತ್ತವೆ. ಅಷ್ಟಕ್ಕೇ ನಿಲ್ಲುತ್ತವೆ.

ನಿಲ್ಲುವುದೇಕೆ? ಭ್ರೂಣಕ್ಕೆ ಎರಡು ತುದಿ ಬೇಕು. ಒಂದು ಕಡೆ ಕಾಂಡ, ಇನ್ನೊಂದು ಕಡೆ ಬೇರು. ಯಾವ ಕಡೆ ಯಾವುದು ಎಂದು ತೀರ್ಮಾನವಾಗುವುದು ಅದರೊಳಗೇ ಹರಿಯುವ ಆಕ್ಸಿನ್‌ನಿಂದ. ಅದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರಬೇಕು. ಹೊರಗಿನಿಂದ ನಾವೇ ಎಲ್ಲ ಕಡೆಗೂ ಆಕ್ಸಿನ್ ಸುರಿದು ಮುಳುಗಿಸಿಟ್ಟರೆ ಆ ಏರಿಳಿತ ಹುಟ್ಟುವುದಾದರೂ ಹೇಗೆ? ಹೊರಗಿನದನ್ನು ತೆಗೆಯಿರಿ, ಗುಂಪು ತನ್ನ ದಾರಿ ತಾನೇ ಹಿಡಿಯುತ್ತದೆ. ಮೊದಲು ದುಂಡಗೆ ಗುಂಡಿನಂತೆ. ಆಮೇಲೆ ಮೇಲ್ಗಡೆ ಎರಡು ಉಬ್ಬು ಬಂದು ಹೃದಯದ ಆಕಾರ. ನಂತರ ಉದ್ದಕ್ಕೆ ಎಳೆದುಕೊಂಡು ಟಾರ್ಪಿಡೊ. ಬೀಜದೊಳಗಿನ ಭ್ರೂಣ ದಾಟುವುದೂ ಇವೇ ಹಂತಗಳನ್ನು.

ಮೈಕ್ರೋಸ್ಕೋಪಿನ ಕೆಳಗೆ ನಾನು ಮೊದಲ ಸಲ ಆ ಹೃದಯ ನೋಡಿದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ನುಣುಪಾದ ಅಂಚು, ಎರಡೂ ಬದಿ ಒಂದೇ ಸಮ. ಸುತ್ತ ಅಂಕೆಯಿಲ್ಲದೆ ಬೆಳೆದ ಮುದ್ದೆ, ನಡುವೆ ಇಷ್ಟು ಅಚ್ಚುಕಟ್ಟಾದ ಒಂದು ಜೀವ. ವರ್ಷಗಟ್ಟಲೆ ಇದೇ ಕೆಲಸ ಮಾಡಿದರೂ ಆ ಖುಷಿ ಕಡಿಮೆಯಾಗಿಲ್ಲ.

ಇನ್ನು ಕೋಶಕ್ಕೆ ಇದೆಲ್ಲ ಹೇಗೆ ಗೊತ್ತು ಎಂಬ ಪ್ರಶ್ನೆ. ಎಲೆಯ ಕೋಶದಲ್ಲೂ ಇಡೀ ಗಿಡದ ವಂಶವಾಹಿಗಳು ಇರುತ್ತವೆ. ಭ್ರೂಣಕ್ಕೆ ಬೇಕಾದವು ಮುಚ್ಚಿಕೊಂಡಿರುತ್ತವೆ, ಅಷ್ಟೇ. ಗಾಯದ ಒತ್ತಡ ಮತ್ತು ಆಕ್ಸಿನ್ ಸೇರಿ ಆ ಬಾಗಿಲು ಸಡಿಲಿಸುತ್ತವೆ. ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ‘ಬೇಬಿ ಬೂಮ್’ ಎಂಬ ಒಂದೇ ವಂಶವಾಹಿಯನ್ನು ಬಲವಂತವಾಗಿ ಚಾಲೂ ಮಾಡಿದರೂ ಸಾಕು, ಎಳೆ ಸಸಿಯ ಎಲೆಗಳ ಮೇಲೆಯೇ ಭ್ರೂಣಗಳು ಮೂಡುತ್ತವೆ.

ಒಂದೇ ಕೋಶದಿಂದ ಇಡೀ ಗಿಡ ಬರಬಹುದು ಎಂಬ ಯೋಚನೆಯನ್ನು 1902ರಲ್ಲಿ ಮುಂದಿಟ್ಟವರು ಸಸ್ಯವಿಜ್ಞಾನಿ ಹೇಬರ್ಲಾಂಟ್. ಅವರ ಕೋಶಗಳು ಬದುಕಿದವು, ದೊಡ್ಡದಾದವು, ಆದರೆ ವಿಭಜನೆಯಾಗಲಿಲ್ಲ. ಆಗ ಸಸ್ಯ ಹಾರ್ಮೋನುಗಳೇ ಕೈಯಲ್ಲಿರಲಿಲ್ಲ. 1958ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸ್ಟೀವರ್ಡ್ ತಂಡ ಮತ್ತು ಜರ್ಮನಿಯಲ್ಲಿ ರೈನರ್ಟ್ ಬೇರೆ ಬೇರೆಯಾಗಿ ಅದನ್ನು ಮಾಡಿ ತೋರಿಸಿದರು. ಇಬ್ಬರೂ ಹಿಡಿದದ್ದು ನಿಮ್ಮ ಹಾಗೆ ಕ್ಯಾರೆಟ್ಟನ್ನೇ. ಸ್ಟೀವರ್ಡ್ ಅವರ ಮೀಡಿಯಂನಲ್ಲಿ ಎಳನೀರು ಇತ್ತು. ತೆಂಗಿನ ಭ್ರೂಣಕ್ಕೆ ಕಾಯಿಯೊಳಗೆ ಊಟ ಕೊಡುವ ದ್ರವವೇ ಅದು. ಅದು ಕ್ಯಾರೆಟ್ಟಿನ ಕೋಶಕ್ಕೂ ಒಗ್ಗಿತು.

ಮಾಮೂಲಿ ಅಂಗಾಂಶ ಕೃಷಿಯಲ್ಲಿ ಸಾಮಾನ್ಯವಾಗಿ ಮೊಗ್ಗಿನಿಂದ ಚಿಗುರು ಹೊರಡಿಸಿ, ಆಮೇಲೆ ಬೇರೆ ಮೀಡಿಯಂನಲ್ಲಿ ಬೇರು ಬರಿಸುತ್ತಾರೆ. ಭ್ರೂಣದಲ್ಲಿ ಕಾಂಡದ ತುದಿ, ಬೇರಿನ ತುದಿ ಎರಡೂ ಒಟ್ಟಿಗೇ ಬರುತ್ತವೆ. ತಾಯಿ ಅಂಗಾಂಶದ ಜೊತೆ ನೀರು, ಆಹಾರ ಸಾಗಿಸುವ ನಾಳದ ಸಂಪರ್ಕ ಇರುವುದಿಲ್ಲ. ಗಂಡು ಹೆಣ್ಣು ಕೂಡದ ಭ್ರೂಣ ಎಂದರೆ ವಿಚಿತ್ರ ಅನ್ನಿಸಬಹುದು. ಆದರೆ ಪ್ರಕೃತಿಯಲ್ಲೂ ಇದು ನಡೆಯುತ್ತದೆ. ನಿಂಬೆ, ಕಿತ್ತಳೆಯ ಒಂದೇ ಬೀಜದಿಂದ ಎರಡು ಮೂರು ಸಸಿ ಬರುವುದನ್ನು ನೋಡಿರಬಹುದು. ಅವುಗಳಲ್ಲಿ ಕೆಲವು ತಾಯಿಯ ಸಾಮಾನ್ಯ ಕೋಶದಿಂದಲೇ ಹುಟ್ಟಿದವು.

ಒಂದು ಎಚ್ಚರಿಕೆ. ಕ್ಯಾಲಸ್ಸನ್ನು ಬಹಳ ಕಾಲ ಹಾಗೇ ಇಟ್ಟುಕೊಳ್ಳಬೇಡಿ. ಹಳತಾದಂತೆ ಭ್ರೂಣ ಕೊಡುವ ಶಕ್ತಿ ಕುಗ್ಗುತ್ತದೆ, ಗಿಡಗಳಲ್ಲಿ ಅಂಕುಡೊಂಕೂ ಬರುತ್ತದೆ. ಎಣ್ಣೆ ತಾಳೆಯಲ್ಲಿ ಹೀಗೆ ಬೆಳೆಸಿದ ಕೆಲವು ಮರಗಳು ನೋಡಲು ಚೆನ್ನಾಗಿಯೇ ಬೆಳೆದು, ಹೂ ಬಿಟ್ಟಾಗ ಮಾತ್ರ ವಿಕಾರವಾದ ಕಾಯಿ ಕೊಟ್ಟವು. ಡಿಎನ್‌ಎ ಅಕ್ಷರಗಳು ಬದಲಾಗಿರಲಿಲ್ಲ. ‘ಕರ್ಮ’ ಎಂದು ಹೆಸರಿಟ್ಟ ಒಂದು ಡಿಎನ್‌ಎ ತುಣುಕಿನ ಮೇಲಿರಬೇಕಾದ ರಾಸಾಯನಿಕ ಗುರುತು ಅಳಿಸಿಹೋಗಿತ್ತು. ಇದು ಪತ್ತೆಯಾದದ್ದು 2015ರಲ್ಲಿ. ಬೆಳೆಗಾರರು ಅಷ್ಟು ವರ್ಷ ಕಾದು ಪಟ್ಟ ನಿರಾಸೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ನಿಮ್ಮ ತಟ್ಟೆಗೆ ಬರೋಣ. ಕ್ಯಾಲಸ್ಸನ್ನು ಸರಿಯಾಗಿ ನೋಡಿ. ನೀರು ತುಂಬಿ ಪಾರದರ್ಶಕವಾಗಿ ಕಾಣುವ ಭಾಗ ಬಿಟ್ಟುಬಿಡಿ. ಅಲ್ಲಿನ ಕೋಶಗಳು ಉದ್ದಕ್ಕೆ ಊದಿಕೊಂಡಿರುತ್ತವೆ, ಅವುಗಳಿಂದ ಪ್ರಯೋಜನ ಕಡಿಮೆ. ತಿಳಿ ಹಳದಿ ಬಣ್ಣದ, ರವೆಯಂತೆ ಪುಡಿಪುಡಿಯಾಗುವ ಭಾಗ ಆರಿಸಿ. ಅಲ್ಲಿನ ಕೋಶಗಳು ಚಿಕ್ಕವು, ದುಂಡಗಿನವು, ಒಳಗೆ ತುಂಬಿಕೊಂಡಂಥವು. ಅದನ್ನು ಹಾರ್ಮೋನು ಇಲ್ಲದ ದ್ರವ ಮೀಡಿಯಂನಲ್ಲಿ ಎರಡು ಮೂರು ಸಲ ತೊಳೆಯಿರಿ. ಆಮೇಲೆ ಹಾರ್ಮೋನು ಇಲ್ಲದ ಎಂಎಸ್ (ಮುರಾಶಿಗೆ-ಸ್ಕೂಗ್) ಎಂಬ ಪೋಷಕ ಮೀಡಿಯಂ ಮೇಲೆ ತೆಳುವಾಗಿ ಹರಡಿ. ಒತ್ತೊತ್ತಾಗಿ ಹಾಕಬೇಡಿ, ದಟ್ಟಣೆ ಜಾಸ್ತಿಯಾದರೆ ಭ್ರೂಣ ಮುಂದಕ್ಕೆ ಬೆಳೆಯುವುದಿಲ್ಲ. ಸ್ವಲ್ಪ ಭಾಗವನ್ನು ಹಳೆಯ ಮೀಡಿಯಂನಂಥದ್ದೇ ಹೊಸ ತಟ್ಟೆಗೂ ಹಾಕಿ, ಹೋಲಿಸಿ ನೋಡಲು ಬೇಕಾಗುತ್ತದೆ.

ಹತ್ತು ದಿನದ ಮೇಲೆ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಹುಡುಕಿ. ಉದ್ದಗಿನ ಹಸಿರು ಮೊಳಕೆಯಂಥದ್ದು ಕಂಡರೆ ಬೆಂಕಿಯಲ್ಲಿ ಕಾಯಿಸಿ ಆರಿಸಿದ ಸೂಜಿಯಿಂದ ಮೆಲ್ಲಗೆ ಮುಟ್ಟಿ. ಚಿಗುರಾದರೆ ಬುಡಕ್ಕೆ ಅಂಟಿಕೊಂಡಿರುತ್ತದೆ, ಎಳೆದರೆ ಹರಿಯುತ್ತದೆ. ಭ್ರೂಣವಾದರೆ ಬೇರಿನ ತುದಿಯ ಸಮೇತ ಸುಮ್ನೆ ಬಿಡಿಯಾಗಿ ಕೈಗೆ ಬರುತ್ತದೆ.