ಸಸ್ಟೇನೆಬಿಲಿಟಿ ನೆಟ್‌ವರ್ಕ್ ಸೇರಿದ್ರ ಸಣ್ಣ ಫೌಂಡ್ರಿಗೆ ಏನ್ ಸಿಗ್ತೈತಿ?

ನಿಮ್ಮ ಪ್ರಶ್ನೆ ನಾ ತಿಳ್ಕೊಂಡಿದ್ದು ಹಿಂಗ: ಬೆಳಗಾವಿ ಮಚ್ಛೆದಾಗ ನಿಮ್ದು 40 ಮಂದಿ ಕೆಲಸ ಮಾಡೋ ಕಾಸ್ಟಿಂಗ್ ಯೂನಿಟ್ (ಲೋಹ ಕರಗಿಸಿ ಎರಕ ಹೊಯ್ಯೋ ಫೌಂಡ್ರಿ), ಮಾಲ್ ತಗೊಳ್ಳೋ ಪುಣೆ ಕಂಪನಿಯವರು ಸಪ್ಲಾಯರ್ಸ್ ಎಲ್ಲಾರೂ ಒಂದ್ ಸಸ್ಟೇನೆಬಿಲಿಟಿ ಲರ್ನಿಂಗ್ ನೆಟ್‌ವರ್ಕ್ (ಕರೆಂಟ್, ಕಸ, ಸೇಫ್ಟಿ ಸುಧಾರಿಸೂದನ್ನ ಕಂಪನಿಗಳು ಒಬ್ರಿಂದೊಬ್ರು ಕಲಿಯೋ ಗುಂಪು) ಸೇರ್ಕೋರಿ ಅಂತ ಮೇಲ್ ಹಾಕ್ಯಾರ, ಫೀ ಕಟ್ಟಿ ಸೇರಿದ್ರ ಖರೇನ ಏನರ ಫಾಯದಾ ಐತೋ ಇಲ್ಲಾ ಗ್ವಾಡಿಗೆ ಒಂದ್ ಸರ್ಟಿಫಿಕೇಟ್ ತೂಗಹಾಕೂದಷ್ಟ ಐತೋ ಅಂತ.

ಫಾಯದಾ ಐತ್ರಿ. ಆದ್ರ ನಿಮ್ಮ ಶಾಪ್‌ನ ನಂಬರ್ ನೀವು ಬ್ಯಾರೆಯವ್ರ ಮುಂದ ತೆಗೆದಿಡಾಕ ತಯಾರ್ ಇದ್ರ ಮಾತ್ರ. ಮೀಟಿಂಗ್‌ನಾಗ ಹೋಗಿ ಕುಂತು ಚಾ ಬಿಸ್ಕಿಟ್ ತಿಂದು ಪಿಪಿಟಿ ನೋಡಿ ಬರಾವ್ರಿದ್ರ ಫೀ ದುಡ್ಡು ಉಳಿಸ್ಕೊಂಡು ಶಾಪ್‌ಗೆ ಒಂದ್ ಚೊಲೋ ಎನರ್ಜಿ ಮೀಟರ್ ತರ್ರಿ, ಅದ ಹೆಚ್ಚು ಉಪಯೋಗ ಆಗ್ತೈತಿ. ನಾನು ಉದ್ಯಮಬಾಗದಾಗ ಫೌಂಡ್ರಿ ಲೈನ್‌ನಾಗ ಭಾಳ ವರ್ಷದಿಂದ ಇರಾಂವ, ಇಂಥಾ ಗ್ರೂಪ್‌ಗಳೊಳಗ ಕುಂತು ಎದ್ದು ಬಂದಾಂವ, ಅದಕ್ಕ ಹೇಳಾಕತ್ತೀನಿ.

ಮೊದಲ ಆ ಮೇಲ್ ಯಾಕ ಬಂತು ಅನ್ನೂದು ತಿಳ್ಕೋರಿ. ನಿಮ್ಮ ಗಿರಾಕಿಗೆ ಒಮ್ಮಿಂದೊಮ್ಮೆ ಭೂಮಿ ಮ್ಯಾಲ ಪ್ರೀತಿ ಹುಟ್ಟಿಲ್ರಿ. ಶೇರ್ ಮಾರ್ಕೆಟ್ ನೋಡ್ಕೊಳ್ಳೋ ಸೆಬಿಯವರು 2022-23ರಿಂದ ಟಾಪ್ 1000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಅನ್ನೋ ಸಸ್ಟೇನೆಬಿಲಿಟಿ ರಿಪೋರ್ಟ್ ಕಡ್ಡಾಯ ಮಾಡ್ಯಾರ, ಅದ್ರಾಗ ಕರೆಂಟ್, ನೀರು, ಕಸ, ಕೆಲಸಗಾರರ ಸೇಫ್ಟಿ ಎಲ್ಲಾ ಬರೀಬೇಕು, ಸಪ್ಲಾಯರ್ ಕಡೆ ಏನ್ ನಡದೈತಿ ಅನ್ನೋ ಪ್ರಶ್ನೆನೂ ಬರ್ತಾವ. ಮ್ಯಾಲ ಯುರೋಪ್‌ದು ಒಂದು, ಸಿಬಿಎಎಂ ಅಂತ, ಹೊರಗಿಂದ ಬರೋ ಮಾಲಿನ ಕಾರ್ಬನ್ ಮ್ಯಾಲ ದುಡ್ಡು ಹಾಕೋ ಕಾಯ್ದೆ, ಕಬ್ಬಿಣ, ಸ್ಟೀಲ್, ಅಲ್ಯೂಮಿನಿಯಂ, ಸಿಮೆಂಟ್ ಇಂಥಾ ಮಾಲಿಗೆ ಕಾರ್ಬನ್ ಲೆಕ್ಕ ಕೇಳೂದು 2023ರ ಅಕ್ಟೋಬರ್‌ನಾಗ ಶುರು ಆತು, 2026ರ ಜನವರಿಯಿಂದ ದುಡ್ಡಿನ ಲೆಕ್ಕನೂ ಕೂಡೇತಿ. ನಿಮ್ಮ ಕಾಸ್ಟಿಂಗ್ ಎಲ್ಲಾ ಅದ್ರಾಗ ಬರ್ತಾವ ಅಂತಲ್ಲ, ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಾಗ ಮಾಲಿಗೆ ಇರೋ ನಂಬರ್) ನೋಡಿ ಹೇಳ್ಬೇಕಾಗ್ತೈತಿ, ಆದ್ರ ಗಿರಾಕಿ ಕೇಳೂದಂತೂ ಬಿಡಾಂಗಿಲ್ಲ. ಇವತ್ತು ಮೇಲ್ ಬಂದೈತಿ, ನಾಳೆ ಎಕ್ಸೆಲ್ ಶೀಟ್ ಬರ್ತೈತಿ.

ಇನ್ನ ಈ ಲರ್ನಿಂಗ್ ನೆಟ್‌ವರ್ಕ್ ಅನ್ನೂದು ಎಲ್ಲಿಂದ ಬಂತು. ಎಲ್ಲಾದಕ್ಕೂ ದೊಡ್ಡದು ಯುಎನ್ ಗ್ಲೋಬಲ್ ಕಾಂಪ್ಯಾಕ್ಟ್, ಕಂಪನಿಗಳು ತಾವಾಗೆ ಸೇರೋ ವಿಶ್ವಸಂಸ್ಥೆಯ ಒಪ್ಪಂದ. 1999ರಾಗ ಆಗಿನ ಯುಎನ್ ಮುಖ್ಯಸ್ಥ ಕೋಫಿ ಅನ್ನಾನ್ ದಾವೋಸ್‌ನಾಗ ಕಂಪನಿ ಮಾಲಕರ ಮುಂದ ಇದರ ಮಾತ ಎತ್ತಿದ್ರು, 2000ದ ಜುಲೈನಾಗ ನ್ಯೂಯಾರ್ಕ್‌ದಾಗ ಶುರು ಆತು. ಈಗ 10 ತತ್ವ ಅದಾವ, ಮಾನವ ಹಕ್ಕು 2, ಕಾರ್ಮಿಕರು 4, ಪರಿಸರ 3, ಕಡೀದು ಲಂಚದ ಬಗ್ಗೆ, ಅದನ್ನ 2004ರಾಗ ಸೇರ್ಸಿದ್ರು (ಅದನ್ನ ಮೊದಲಿಗೇ ಹಾಕ್ಬೇಕಾಗಿತ್ತು ಅಂತ ನಂಗನಸ್ತೈತಿ, ಲೈಸೆನ್ಸ್ ರಿನ್ಯೂವಲ್‌ಗೆ ಅಲದಾವ್ರಿಗೆ ಗೊತ್ತು). ಇಂಡಿಯಾದಾಗೂ ಅದರ ಲೋಕಲ್ ನೆಟ್‌ವರ್ಕ್ ಐತಿ. 2015ರಾಗ ಯುಎನ್‌ನವರು 17 ಗುರಿ ಇಟ್ರಲ್ಲ, ಎಸ್‌ಡಿಜಿ ಅಂತಾರ, ಅದ್ರಾಗ ಹದಿನೇಳನೇದು ಪಾರ್ಟ್‌ನರ್‌ಶಿಪ್‌ದು, ಅಂದ್ರ ಉಳಿದ 16 ಯಾರೂ ಒಬ್ಬೊಬ್ರ ಮಾಡೂದು ಆಗಾಂಗಿಲ್ಲ, ಸರ್ಕಾರ, ಕಂಪನಿ, ಸಂಘ ಸಂಸ್ಥೆ ಕೂಡಿ ಮಾಡ್ರಿ ಅಂತ.

ಒಂದ್ ಮಾತ ತಲ್ಯಾಗ ಇಟ್ಕೋರಿ, ಗ್ಲೋಬಲ್ ಕಾಂಪ್ಯಾಕ್ಟ್ ಸರ್ಟಿಫಿಕೇಶನ್ ಅಲ್ಲ. ಯಾರೂ ಬಂದು ನಿಮ್ಮ ಫರ್ನೇಸ್ ಇನ್‌ಸ್ಪೆಕ್ಷನ್ ಮಾಡಾಂಗಿಲ್ಲ. ಮಾಲಕರು ಸಹಿ ಮಾಡಿ ಪತ್ರ ಕೊಡ್ತಾರ, ವರ್ಷಾ ಏನ್ ಮಾಡಿದ್ವಿ ಅಂತ ರಿಪೋರ್ಟ್ ಹಾಕ್ತಾರ, ಹಾಕದಿದ್ರ ಹೆಸರು ತೆಗಿತಾರ, ಹಂಗ ತೆಗದಿದ್ದು ಸಾವಿರಾರು ಕಂಪನಿ ಅದಾವ. ಯುಎನ್‌ನ ನೀಲಿ ಬಣ್ಣ ಬಳ್ಕೊಂಡು ಮೆರೆಯೂದು, ಬ್ಲೂವಾಶಿಂಗ್, ಅಂತ ಟೀಕಾ ಮಾಡೋರೂ ಅದಾರ, ಅವ್ರ ಮಾತು ಪೂರ್ತಿ ಸುಳ್ಳಲ್ಲ. ಲೆಟರ್‌ಹೆಡ್ ಮ್ಯಾಲ ಲೋಗೋ ಹಾಕೂದಷ್ಟ ನಿಮ್ಮ ಗುರಿ ಇದ್ರ ಅದು ಬಿಡ್ರಿ.

ಖರೇ ಕಲಿಯೂದು ಎಲ್ಲಿ ಅಂದ್ರ, ಒಂದ ಥರದ ಕೆಲಸ ಮಾಡೋ ಎಂಟು ಹತ್ತು ಶಾಪ್‌ನವ್ರು ಒಂದ್ ಟೇಬಲ್‌ಗೆ ಕುಂತು ನಿಮ್ದೆಷ್ಟು ನಮ್ದೆಷ್ಟು ಅಂತ ಬಾಯಿ ಬಿಟ್ಟಾಗ. ಉದಾಹರಣೆಗೆ ಇಂಡಕ್ಷನ್ ಫರ್ನೇಸ್, ಕರೆಂಟ್‌ನಿಂದ ಲೋಹ ಕರಗಿಸೋ ಭಟ್ಟಿ. ಗ್ರೇ ಐರನ್ (ಸಾದಾ ಎರಕದ ಕಬ್ಬಿಣ) ಕರಗಿಸಾಕ ಪುಸ್ತಕದ ಲೆಕ್ಕದಾಗ ಟನ್ನಿಗೆ 400 ಯೂನಿಟ್ ಹತ್ರ ಸಾಕು, ಶಾಪ್‌ನಾಗ 550ರಿಂದ 700ರ ತನಕ ಹೋಗ್ತೈತಿ. ಈಗ ನಿಮ್ದು 680 ಐತಿ ಅಂತ ಇಟ್ಕೋರಿ, ನಿಮಗದು ಬರೋಬ್ಬರಿ ಐತಿ ಅಂತನ ಅನಸ್ತೈತಿ, ಯಾಕಂದ್ರ ನೀವು ನಿಮ್ಮ ಹೆಸ್ಕಾಂ ಬಿಲ್ ಒಂದ ನೋಡಿರಿ, ಬಾಜೂದಾಂವಂದು ನೋಡಿಲ್ಲ. ಬಾಜೂದಾಂವ 590 ಅಂದ ಕೂಡ್ಲೆ ಹೊಟ್ಯಾಗ ಸಂಕಟ ಶುರು ಆಗ್ತೈತಿ ನೋಡ್ರಿ, ಆ ಸಂಕಟಕ್ಕ ಫೀ ಕೊಟ್ರೂ ಅಡ್ಡಿ ಇಲ್ಲ. ಆಮ್ಯಾಲ ಅಂವ ಏನ್ ಮಾಡ್ಯಾನ ಅಂತ ನೋಡಾಕ ಹೋದ್ರ ಏನೂ ದೊಡ್ಡ ಮಷೀನ್ ಇರಾಂಗಿಲ್ಲ. ಫರ್ನೇಸ್‌ಗೆ ಮುಚ್ಚಳ ಐತಿ, ಚಾರ್ಜ್ ಹಾಕೂಮುಂದ ಮಾತ್ರ ತೆಗಿತಾರ. ಸ್ಕ್ರ್ಯಾಪ್‌ನಾಗಿನ ಜಂಗು, ರನ್ನರ್ ರೈಸರ್‌ಗೆ (ಎರಕದ ಜೋಡಿ ಬರೋ, ಕಡದು ವಾಪಸ್ ಕರಗಿಸೋ ಹೆಚ್ಚಿನ ಲೋಹ) ಹತ್ತಿದ ಉಸುಕು ಝಾಡಸಿ ಹಾಕ್ತಾರ, ಇಲ್ಲಾಂದ್ರ ಅದೂ ಕರೆಂಟ್ ತಿಂದು ಸ್ಲ್ಯಾಗ್ (ಲೋಹದ ಮ್ಯಾಲ ತೇಲೋ ಕಸ) ಆಗಿ ಹೊರಗ ಬರ್ತೈತಿ. ಮೋಲ್ಡ್ (ಉಸುಕಿನ ಅಚ್ಚು) ರೆಡಿ ಆಗೋದಕ್ಕ ಮೊದಲ ಮೆಟಲ್ ರೆಡಿ ಮಾಡಿ ಕಾಯಿಸಿಕೋತ ಕುಂದ್ರಾಂಗಿಲ್ಲ, ಸ್ಪೆಕ್ಟ್ರೋ ರಿಪೋರ್ಟ್ (ಲೋಹದಾಗ ಏನೇನ್ ಎಷ್ಟೈತಿ ಅನ್ನೋ ಪರೀಕ್ಷೆ) ಬರೂತನಕ ಪವರ್ ಇಳಿಸಿ ಇಡ್ತಾರ. ಕಂಪ್ರೆಸರ್ ಪ್ರೆಶರ್ ಒಂದ್ ಬಾರ್ ಇಳಸಿದ್ರ ಅದರ ಕರೆಂಟ್ ಹೆಚ್ಚೂ ಕಮ್ಮಿ 6-7 ಪರ್ಸೆಂಟ್ ಉಳಿತೈತಿ, ಅದನ್ನೂ ಮಾಡಿರ್ತಾರ. ಮತ್ತ ಎಲ್ಲಾದಕ್ಕೂ ದೊಡ್ಡದು ರಿಜೆಕ್ಷನ್, ಯಾಕಂದ್ರ ಬ್ಲೋಹೋಲ್ (ಗಾಳಿ ತೂತು) ಬಿದ್ದ ಒಂದ್ ಕಾಸ್ಟಿಂಗ್ ವಾಪಸ್ ಫರ್ನೇಸ್‌ಗೆ ಹೋತಂದ್ರ ಅದಕ್ಕ ಹಾಕಿದ ಕರೆಂಟ್, ಉಸುಕು, ಕೂಲಿ ಎಲ್ಲಾ ಎರಡನೇ ಸಲ ಹಾಕಿದಂಗ. ಸಸ್ಟೇನೆಬಿಲಿಟಿ ಅಂದ್ರ ಗಿಡ ಹಚ್ಚೂದು ಅಂತ ತಿಳ್ಕೊಂಡಾವ್ರು ಮೊದಲ ತಮ್ಮ ರಿಜೆಕ್ಷನ್ ರಿಜಿಸ್ಟರ್ ತೆಗದು ನೋಡ್ಲಿ.

ಇಂಥಾ ಕೆಲಸ ನಮ್ಮ ಊರಿಗೆ ಹೊಸಾದೂ ಅಲ್ರಿ. ಬಿಇಇ (ಕೇಂದ್ರದ ಇಂಧನ ದಕ್ಷತೆ ಬ್ಯೂರೋ) ಮತ್ತ ಯುನಿಡೊದವ್ರು (ಯುಎನ್‌ನ ಕೈಗಾರಿಕಾ ಸಂಸ್ಥೆ) ಜಿಇಎಫ್ ಅನ್ನೋ ಜಾಗತಿಕ ಪರಿಸರ ನಿಧಿಯ ದುಡ್ಡಿನಾಗ ಎಂಎಸ್‌ಎಂಇ ಕ್ಲಸ್ಟರ್‌ಗಳೊಳಗ (ಸಣ್ಣ ಕೈಗಾರಿಕೆ ಗುಂಪಾಗಿರೋ ಊರು) ಕರೆಂಟ್ ಉಳಿಸೋ ಪ್ರಾಜೆಕ್ಟ್ ಮಾಡಿದ್ರು, ಅದ್ರಾಗ ಫೌಂಡ್ರಿ ಅಂತ ಆರಿಸಿದ್ದು ಮೂರ ಊರು, ಬೆಳಗಾವಿ, ಕೊಯಮತ್ತೂರ, ಇಂದೋರ. ಅದಕ್ಕೂ ಮೊದಲ ಹೌರಾದಾಗ 1998ರಾಗ ದಿಲ್ಲಿಯ ಸಂಶೋಧನಾ ಸಂಸ್ಥೆ ಟೆರಿಯವ್ರು ಡಿವೈಡೆಡ್ ಬ್ಲಾಸ್ಟ್ ಕ್ಯುಪೋಲಾ ಮಾಡಿ ತೋರ್ಸಿದ್ರು, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಉರಿಸಿ ಗಾಳಿನ ಎರಡ್ ಸಾಲಿನ ಟ್ವೀಯರ್‌ನಿಂದ (ಗಾಳಿ ಕೊಳವಿ) ಬಿಡೋ ಭಟ್ಟಿ. ಅಲ್ಲಿ ಯಾರ್ಯಾರು ಕೂಡಿದ್ರು ನೋಡ್ರಿ: ದುಡ್ಡು ಸ್ವಿಟ್ಜರ್ಲೆಂಡ್ ಸರ್ಕಾರದ ಎಸ್‌ಡಿಸಿ ಅನ್ನೋ ನೆರವಿನ ಸಂಸ್ಥೆದು, ಡಿಸೈನ್ ಬುದ್ಧಿ ಇಂಗ್ಲೆಂಡ್ ತಜ್ಞರದು, ಓಡಾಡಿ ಕೂಡಿಸಿದ್ದು ಟೆರಿ, ಮತ್ತ ಜಾಗಾ ಕೊಟ್ಟು ಮೊದಲ ರಿಸ್ಕ್ ತಗೊಂಡಾಂವ ಫೌಂಡ್ರಿ ಮಾಲಕ. ಕೋಕ್ ಖರ್ಚು ಮೂರನೇ ಒಂದ್ ಪಾಲಿನಷ್ಟು ಇಳಿತು. ನಾಕೂ ಕಡೆಯಾವ್ರು ಏನರ ತಂದ್ರು, ಬರೇ ಭಾಷಣ ತಂದಾವ್ರು ಯಾರೂ ಇದ್ದಿದ್ದಿಲ್ಲ. ನಿಮ್ಮ ನೆಟ್‌ವರ್ಕ್‌ದಾವ್ರು ಪಾರ್ಟ್‌ನರ್‌ಶಿಪ್ ಅಂದಾಗ ಯಾರು ಏನ್ ತರ್ತೀರಿ ಅಂತ ಇದ ಪ್ರಶ್ನೆ ಕೇಳ್ರಿ.

ಈಗ ಉಸುಕಿಂದು, ಪಾರ್ಟ್‌ನರ್‌ಶಿಪ್ ಇಲ್ಲದ ಬಗಿಹರಿಯದ ಇಷ್ಯೂ ಅಂದ್ರ ಇದ. ಒಂದ್ ಟನ್ ಎರಕಕ್ಕ ನಾಕೈದು ಟನ್ ಉಸುಕು ಶಾಪ್‌ನಾಗ ತಿರುಗ್ತೈತಿ, ಅದ್ರಾಗ ದಿನಾ ಸ್ವಲ್ಪ ಸತ್ತ ಉಸುಕು ಅಂತ ಹೊರಗ ಹೋಗೂದ. ಮೊದಲೆಲ್ಲಾ ತಗ್ಗು ಕಂಡಲ್ಲಿ ಸುರೂತಿದ್ರು, ಈಗ ಹಂಗ ಮಾಡಾಕ ಬರಾಂಗಿಲ್ಲ, ಪೊಲ್ಯೂಷನ್ ಬೋರ್ಡ್ ಕನ್ಸೆಂಟ್‌ನಾಗ ಉಸುಕು ಎಲ್ಲಿ ಹಾಕ್ತೀರಿ ಅನ್ನೂದು ಇರ್ತೈತಿ, ಮತ್ತ ಹೊಸ ಸಿಲಿಕಾ ಉಸುಕಿನ ರೇಟೂ ಏರಾಕತ್ತೈತಿ. ಹಳೇ ಉಸುಕು ಸ್ವಚ್ಛ ಮಾಡಿ ಮತ್ತ ಬಳಸೋ ಹಂಗ ರಿಕ್ಲೇಮ್ ಮಾಡೋ ಪ್ಲಾಂಟ್ ಒಂದ್ ಸಣ್ಣ ಶಾಪ್‌ಗೆ ಝೇಪಸಾಂಗಿಲ್ಲ, ಹತ್ತು ಇಪ್ಪತ್ತು ಶಾಪ್ ಕೂಡಿದ್ರ ಲೆಕ್ಕ ಕೂಡ್ತೈತಿ. ನಮ್ಮಲ್ಲಿ ಫೌಂಡ್ರಿ ಕ್ಲಸ್ಟರ್ ಅನ್ನೋ ವಿಚಾರ ಹುಟ್ಟಿದ್ದ ಇಂಥಾ ಕಾಮನ್ ಸೌಲಭ್ಯದ ಸಲುವಾಗಿ, ಕೊಲ್ಹಾಪುರದಾವ್ರೂ ಅದ ದಾರಿ ಹಿಡದಾರ.

ಆದ್ರ ಕೂಡೂದು ಅಂದ್ರ ಬರೇ ಶೇರ್ ದುಡ್ಡು ಹಾಕೂದಲ್ಲ. ಉಸುಕಿನ ಥರ ಬ್ಯಾರೆ ಬ್ಯಾರೆ ಇರ್ತಾವ. ನೋ-ಬೇಕ್ ರೆಸಿನ್ (ಬಿಸಿ ಇಲ್ಲದ ಗಟ್ಟಿ ಆಗೋ ಅಂಟು) ಉಸುಕಿದ್ರ ಕಾಯಿಸಿದ್ರ ರೆಸಿನ್ ಸುಟ್ಟು ಹೋಗ್ತೈತಿ, ಕಾಳು ಸ್ವಚ್ಛ ಆಗ್ತೈತಿ. ಗ್ರೀನ್ ಸ್ಯಾಂಡ್‌ನಾಗ (ಹಸಿ ಉಸುಕು) ಬೆಂಟೊನೈಟ್ ಅನ್ನೋ ಅಂಟುಮಣ್ಣು ಸುಟ್ಟು ಕಾಳಿಗೆ ಪದರಾಗಿ ಹತ್ತಿರ್ತೈತಿ, ಅದನ್ನ ತಿಕ್ಕಿ ತೆಗಿಬೇಕು. ಸಿಒಟು ಕೋರ್‌ನ (ಕಾರ್ಬನ್ ಡೈಆಕ್ಸೈಡ್ ಬಿಟ್ಟು ಗಟ್ಟಿ ಮಾಡೋ ಒಳಗಿನ ಅಚ್ಚು) ಸಿಲಿಕೇಟ್ ಅಂಟಂತೂ ಬೆಂಕಿಗೆ ಸುಡೂದ ಇಲ್ಲ, ಅದರ ಸೋಡಾ ಉಳಕೊಂಡು ಮುಂದಿನ ಹೀಟ್‌ನಾಗ (ಒಂದ್ ಸಲ ಕರಗಿಸಿ ಹೊಯ್ಯೂದು) ಉಸುಕು ಲಗೂನ ಕರಗಿ ಕಾಸ್ಟಿಂಗ್‌ಗೆ ಅಂಟ್ಕೋತೈತಿ. ಅಂದ್ರ ಒಂದ್ ಶಾಪ್‌ನ ಹೆಲ್ಪರ್ ರಾತ್ರಿ ಪಾಳಿದಾಗ ಬೇಸರಾಗಿ ರೆಸಿನ್ ಉಸುಕು, ಸಿಲಿಕೇಟ್ ಉಸುಕು ಎರಡೂ ಒಂದ ಟ್ರಾಲಿಗೆ ತುಂಬಿದ್ನೆಂದ್ರ ಆ ಲಾಟ್‌ನ ಉಸುಕು ತಗೊಂಡ ಇನ್ನೊಂದ್ ಶಾಪ್‌ನಾಗ ವಾರಗಟ್ಟಲೆ ರಿಜೆಕ್ಷನ್ ಬರ್ತೈತಿ, ಮತ್ತ ಯಾರ ಟ್ರಾಲಿ ಅಂತ ಹುಡುಕೋ ಜಗಳ. ನಮ್ಮ ಗ್ರೂಪ್‌ನಾಗ ಈ ಜಗಳ ಖರೇ ಆಗೇತಿ, ಜೋರ ಆಗೇತಿ. ಬಗಿಹರದಿದ್ದು ಹೆಂಗಂದ್ರ ಎರಡ್ ಬಣ್ಣದ ಟ್ರಾಲಿ, ಟ್ರಾಲಿ ಮ್ಯಾಲ ಶಾಪ್ ನಂಬರ್, ಖಾಲಿ ಮಾಡೋದಕ್ಕ ಮೊದಲ ಒಂದ್ ಬೊಗಸಿ ಸ್ಯಾಂಪಲ್ ತಗದು ಚೀಟಿ ಹಚ್ಚಿ ಇಡೂದು, ಮತ್ತ ಮಾಲಕರ ಬದ್ಲಿ ಮೋಲ್ಡಿಂಗ್ ಸುಪರ್‌ವೈಸರ್‌ಗಳನ್ನ ಕರದು ಮೀಟಿಂಗ್ ಮಾಡಿದ್ದು. ಮಾಲಕರ ಮೀಟಿಂಗ್‌ನಾಗ ಎಲ್ಲಾರೂ ನಮ್ದು ಬರೋಬ್ಬರಿ ಐತಿ ಅಂತನ ಹೇಳ್ತಾರ್ರೀ. ಸುಪರ್‌ವೈಸರ್‌ಗಳು ಕುಂತ್ರ ಅರ್ಧಾ ತಾಸಿನಾಗ ಖರೇ ಹೊರಗ ಬರ್ತೈತಿ, ಅದೂ ಅರ್ಧಾ ಮರಾಠಿ ಅರ್ಧಾ ಕನ್ನಡದಾಗ.

ಇನ್ನ ಕೆಲವೊಂದು ಸಣ್ಣ ಮಾತು. ಗಿರಾಕಿ ಕಂಪನಿ ಸಿಎಸ್‌ಆರ್ (ಸಾಮಾಜಿಕ ಹೊಣೆ) ದುಡ್ಡಿನಾಗ ನಿಮ್ಮ ಫರ್ನೇಸ್ ಬದ್ಲಿ ಮಾಡಿ ಕೊಡ್ತಾರ ಅಂತ ಆಸೆ ಇಟ್ಕೋಬ್ಯಾಡ್ರಿ, ಕಂಪನಿ ಕಾಯ್ದೆ 135ನೇ ಕಲಮಿನ ಆ 2 ಪರ್ಸೆಂಟ್ ದುಡ್ಡು ಧಂದೆದ ಕೆಲಸಕ್ಕ ಅಲ್ಲ. ಬದ್ಲಿಗೆ ಅವರ ಎಂಜಿನಿಯರ್‌ನ ಎರಡ್ ದಿನ ನಿಮ್ಮ ಶಾಪ್‌ಗೆ ಕಳಸ್ರಿ, ಕಾಸ್ಟಿಂಗ್ ಡಿಸೈನ್‌ನಾಗ ರೈಸರ್ ಕಮ್ಮಿ ಆಗೋ ಹಂಗ ಒಂದ್ ಬದಲಾವಣೆ ಒಪ್ಕೋರಿ ಅಂತ ಕೇಳ್ರಿ, ಯೀಲ್ಡ್ (ಕರಗಿಸಿದ್ರಾಗ ಮಾಲಾಗಿ ಹೋಗೋ ಪಾಲು) ಏರ್ತೈತಿ, ಅವರ ರಿಪೋರ್ಟಿಗೂ ಅದ ಬೇಕು. ಗ್ರೂಪ್ ಮೀಟಿಂಗ್‌ನಾಗ ರೇಟಿನ ಮಾತು ತೆಗಿಬ್ಯಾಡ್ರಿ, ಯಾರಿಗೆ ಎಷ್ಟಕ್ಕ ಕೊಡ್ತೀರಿ ಅಂತ ಎದುರಾಳಿಗಳು ಕುಂತು ಮಾತಾಡಿ ರೇಟ್ ಕೂಡಿಸಿದ್ರ ಅದು ಕಾಂಪಿಟಿಶನ್ ಕಾಯ್ದೆದಾಗ ಸಿಕ್ಕಿಹಾಕ್ಕೋತೈತಿ. ಸರ್ಟಿಫಿಕೇಟ್ ಬೇಕ ಬೇಕು ಅಂದ್ರ ಕೇಂದ್ರದ ಝೆಡ್ (ಝೀರೋ ಡಿಫೆಕ್ಟ್ ಝೀರೋ ಇಫೆಕ್ಟ್) ಸ್ಕೀಮ್ ನೋಡ್ರಿ, ಬ್ರಾಂಝ್, ಸಿಲ್ವರ್, ಗೋಲ್ಡ್ ಅಂತ ಐತಿ, ಎಂಎಸ್‌ಎಂಇಗೆ ಫೀ ಮ್ಯಾಲ ಸಬ್ಸಿಡಿನೂ ಸಿಗ್ತೈತಿ.

ಮತ್ತ ಧೂಳು. ಕರೆಂಟ್ ಉಳಿಸೂದ್ರಾಗ ದುಡ್ಡು ಉಳಿತೈತಿ ಅಂತ ಎಲ್ಲಾರೂ ಮಾತಾಡ್ತಾರ, ಫೆಟ್ಲಿಂಗ್ (ಎರಕ ಉಜ್ಜಿ ಸಾಫ್ ಮಾಡೂದು) ಮತ್ತ ನಾಕ್‌ಔಟ್ (ಅಚ್ಚು ಒಡದು ಎರಕ ತೆಗಿಯೂದು) ಕಡೆ ಕೆಲಸ ಮಾಡಾವ್ರ ಎದ್ಯಾಗ ಹೋಗೋ ಸಿಲಿಕಾ ಧೂಳಿನ ಬಗ್ಗೆ ಯಾವ ಗ್ರೂಪ್‌ನಾಗೂ ತಾನಾಗೆ ಮಾತು ಬರಾಂಗಿಲ್ಲ. ಸಿಲಿಕೋಸಿಸ್ (ಆ ಧೂಳಿನಿಂದ ಬರೋ ಶ್ವಾಸಕೋಶದ ಜಡ್ಡು) ಬಂದ್ರ ವಾಸಿ ಆಗಾಂಗಿಲ್ಲ, ಮತ್ತ ಅಲ್ಲಿ ಇರಾವ್ರು ಬಹಳಷ್ಟು ಕಾಂಟ್ರಾಕ್ಟ್ ಮಂದಿ, ಇವತ್ತು ನಿಮ್ಮಲ್ಲಿ, ನಾಳೆ ಬಾಜೂ ಶಾಪ್‌ನಾಗ, ಹಿಂಗಾಗಿ ಒಬ್ಬ ಮಾಲಕ ಎಕ್ಸ್‌ರೇ ತೆಗಸಿದ್ರ ಆ ರಿಪೋರ್ಟ್ ಮುಂದಿನಾಂವಗ ಸಿಗಾಂಗಿಲ್ಲ. ಇದನ್ನ ಊರಿನ ಎಲ್ಲಾ ಶಾಪ್ ಕೂಡಿ ಒಂದ್ ಆಸ್ಪತ್ರೆ ಜೋಡಿ ಮಾಡ್ಬೇಕು, ಒಂದ್ ಆರೋಗ್ಯ ಕಾರ್ಡ್ ಕೆಲಸಗಾರನ ಕೈಯಾಗ ಇರ್ಬೇಕು. ನಿಮ್ಮ ನೆಟ್‌ವರ್ಕ್‌ದಾಗ ಈ ವಿಷಯ ನೀವ ತೆಗೀರಿ, ಅವ್ರು ಹೆಂಗ ತಗೋತಾರ ಅನ್ನೂದ್ರ ಮ್ಯಾಲ ಅದು ಎಂಥಾ ನೆಟ್‌ವರ್ಕ್ ಅಂತ ಗೊತ್ತಾಗ್ತೈತಿ.

ಮೇಲ್‌ಗೆ ಉತ್ತರ ಹಿಂಗ ಬರೀರಿ: ನಾವು ಸೇರಾಕ ತಯಾರ್ ಅದೀವಿ, ಗ್ರೂಪ್‌ನಾಗ ಫೌಂಡ್ರಿಯವ್ರು ಎಷ್ಟ ಮಂದಿ, ಶಾಪ್ ವಿಸಿಟ್ ಇರ್ತಾವೋ ಇಲ್ಲೋ, ಡೇಟಾ ಯಾರ ಕಡೆ ಇರ್ತೈತಿ, ಮೊದಲನೇ ವರ್ಷದ ಫೀ ನೀವು ಅರ್ಧಾ ಹಾಕ್ತೀರೇನು. ಕಡೀ ಪ್ರಶ್ನೆಗೆ ನಾಚ್ಕೋಬ್ಯಾಡ್ರಿ, ರಿಪೋರ್ಟ್ ಅವ್ರದೂ ಐತಿ. ಉತ್ತರ ಬರೋದ್ರೊಳಗ ಫರ್ನೇಸ್‌ಗೆ ಬ್ಯಾರೆ ಮೀಟರ್ ಕೂಡಸಿ ಹೀಟ್ ವಾರ ಯೂನಿಟ್ ಬರಕೊಳ್ಳಾಕ ಶುರು ಮಾಡ್ರಿ, ಇಲ್ಲಾಂದ್ರ ಮೊದಲನೇ ಮೀಟಿಂಗ್‌ನಾಗ ನಿಮ್ಮ ಕಡೆ ಹೇಳಾಕ ಏನೂ ಇರಾಂಗಿಲ್ಲ.